ಅಮ್ಮನ ಕ್ಯಾಸೆಟ್ ತಂಗಿ ಹತ್ರ ಇದೆ, ಕೊಡ್ತಾ ಇಲ್ಲ. ನಾನು ಕೇಳೋದು ತಪ್ಪಾ?

ಹಳೇಟ್ರಂಕು

ಉದ್ದ ಇದೆ, ಕ್ಷಮಿಸಿ. ಮೂರು ಸಲ ಚಿಕ್ಕದಾಗಿ ಬರೆದೆ. ಮೂರು ಸಲವೂ ನಾನೇ ಸರಿ ಅನ್ನೋ ಥರ ಬಂತು. ಅದಕ್ಕೆ ಎಲ್ಲಾ ಹೇಳಿಬಿಡ್ತೀನಿ.

ನನಗೆ 37. ಅಮ್ಮ ಹೋದಾಗ 11. ನನಗೆ 14 ಆದಾಗ ಅಪ್ಪ ಮತ್ತೆ ಮದುವೆ ಆದರು. ಚಿಕ್ಕಮ್ಮನ ಜೊತೆ ಅವರ ಮಗಳೂ ಬಂದಳು, ಆಗ ಅವಳಿಗೆ 6. ಅವಳನ್ನು ಹೆತ್ತ ಅಪ್ಪ ಅವಳು ಕೈಗೂಸಾಗಿದ್ದಾಗಲೇ ಬಿಟ್ಟು ಹೋಗಿದ್ದರಂತೆ. ನಾವಿಬ್ಬರೂ ಜಗಳ ಆಡಿದವರಲ್ಲ, ಹಾಗಂತ ಅಂಟಿಕೊಂಡವರೂ ಅಲ್ಲ. ನಾನು ಹಾಸ್ಟೆಲ್ಲು, ಆಮೇಲೆ ಕೆಲಸ, ಆಮೇಲೆ ಮದುವೆ ಅಂತ ಹೊರಗೇ ಉಳಿದೆ. ಅವಳು ಅಪ್ಪನ ಹತ್ರಾನೇ ಬೆಳೆದಳು. ಲೆಕ್ಕ ಹಾಕಿದರೆ ಅಪ್ಪನ ಜೊತೆ ಒಂದೇ ಸೂರಿನಡಿ ನನಗಿಂತ ಅವಳೇ ಹೆಚ್ಚು ವರ್ಷ ಇದ್ದಾಳೆ. ಈ ಲೆಕ್ಕ ನಾನು ಹಾಕಿದ್ದು ಹೋದ ವಾರ.

ಅಪ್ಪ ಹೋಗಿ ಎಂಟು ತಿಂಗಳು. ಮನೆ, ದುಡ್ಡು ಎಲ್ಲಕ್ಕೂ ಉಯಿಲು ಇತ್ತು, ಅದರಲ್ಲಿ ಯಾರಿಗೂ ತಕರಾರಿಲ್ಲ. ಉಯಿಲಲ್ಲಿ ಇಲ್ಲದ್ದು ಅಟ್ಟದ ಮೇಲಿನ ಟ್ರಂಕು. ಅಮ್ಮನ ಸಾಮಾನೆಲ್ಲ ಅದರಲ್ಲಿತ್ತು. ಅವಳೇ ಹೆಣೆದುಕೊಂಡ ನೀಲಿ ಸ್ವೆಟರ್, ಕನ್ನಡಕ, ಒಂದು ಲೆಕ್ಕದ ಪುಸ್ತಕ, ಒಂದು ಕ್ಯಾಸೆಟ್.

ಕ್ಯಾಸೆಟ್ ವಿಷಯ ಹೇಳಬೇಕು. ನನಗೆ ಐದು ವರ್ಷ ಇದ್ದಾಗ ಅಮ್ಮ ಕೆಲಸದ ತರಬೇತಿಗೆ ಅಂತ ಎರಡು ತಿಂಗಳು ಬೇರೆ ಊರಿಗೆ ಹೋಗಬೇಕಾಯ್ತು. ರಾತ್ರಿ ನಾನು ಅಳಬಾರದು ಅಂತ ಹೋಗೋ ಮುಂಚೆ ಕೂತು ಕತೆ ಹೇಳಿ ರೆಕಾರ್ಡ್ ಮಾಡಿಟ್ಟು ಹೋದಳು. ಎರಡೂ ಸೈಡು. ಅಮ್ಮನ ದನಿ ಅಂತ ಈ ಭೂಮಿ ಮೇಲೆ ಉಳಿದಿರೋದು ಅದೊಂದೇ.

ನನಗೆ 15 ಇದ್ದಾಗ ರಜೆಗೆ ಬಂದವಳು ಅದನ್ನ ಹಾಕಿದೆ. ಬಿ ಸೈಡಲ್ಲಿ ಅಮ್ಮ ಇಲ್ಲ. ತಂಗಿ ಶಾಲೆಯ ಪಾಠ ಗಟ್ಟಿಯಾಗಿ ಓದ್ತಾ ಇದ್ದಾಳೆ, ನಡುನಡುವೆ ಅಪ್ಪ ತಿದ್ದುತ್ತಾ ಇದ್ದಾರೆ. ಅಮ್ಮನ ಮೇಲೆ ಅವಳನ್ನ ರೆಕಾರ್ಡ್ ಮಾಡಿಬಿಟ್ಟಿದ್ದರು. ನಾನು ಸ್ಟಾಪ್ ಒತ್ತಿದೆ. ಆ ರಜೆ ಪೂರ್ತಿ ಅಪ್ಪನ ಹತ್ರ ಮಾತಾಡಲಿಲ್ಲ, ಯಾಕೆ ಅಂತಲೂ ಹೇಳಲಿಲ್ಲ. ಆ ಕ್ಯಾಸೆಟ್ ಮತ್ತೆ ಮುಟ್ಟಲಿಲ್ಲ.

ಹೋದ ತಿಂಗಳು ಚಿಕ್ಕಮ್ಮ ಫೋನ್ ಮಾಡಿ "ಬಂದು ಟ್ರಂಕು ತಗೊಂಡು ಹೋಗಮ್ಮ, ಅದು ನಿಂದು" ಅಂದರು. ಹೋದೆ. ಸ್ವೆಟರ್ ಒಗೆದು ಮಡಚಿ ಇಟ್ಟಿದ್ದರು. ಒಗೆದು! ಮೂಗಿಗೆ ಹಿಡಿದುಕೊಂಡೆ, ಬರೀ ಸೋಪು. ಕ್ಯಾಸೆಟ್ ಇರಲಿಲ್ಲ. ತಂಗಿ ಹತ್ರ ಇದೆಯಂತೆ. ಅಪ್ಪನ ವಾಚೂ ಅವಳ ಕೈಯಲ್ಲೇ ಇತ್ತು.

ಫೋನ್ ಮಾಡಿದೆ. "ಅದು ನಂದೂ ಹೌದು ಅಕ್ಕ" ಅಂದಳು. ನಾನು "ನಿನಗೂ ನಮ್ಮಮ್ಮನಿಗೂ ಏನು ಸಂಬಂಧ?" ಅಂದೆ. ಕಟ್ ಮಾಡಿದಳು. ಆಮೇಲೆ ಒಂದೇ ಸಾಲು ಮೆಸೇಜ್: "ಬಿ ಸೈಡು ನಂದು."

ಆ ಮಾತು ಆಡಬಾರದಿತ್ತು, ಗೊತ್ತು. ಆದರೂ ಕೇಳ್ತೀನಿ. ಅಮ್ಮನ ಕ್ಯಾಸೆಟ್ ಮಗಳು ಕೇಳೋದು ತಪ್ಪಾ? ಮತ್ತೆ, ಮೂವತ್ತು ವರ್ಷ ದಾಟಿದ ಕ್ಯಾಸೆಟ್ ಇನ್ನೆಷ್ಟು ದಿನ ತಾಳುತ್ತೆ?

ಕಡ್ಡಿಮುರಿ

ತಪ್ಪಲ್ಲ. ನಿಮ್ಮಮ್ಮ, ನಿಮ್ಮಮ್ಮನ ದನಿ, ನಿಮಗೋಸ್ಕರ ಮಾಡಿದ್ದು. ಮುಗೀತು. "ಬಿ ಸೈಡು ನಂದು" ಅನ್ನೋಕೆ ಅದೇನು ಸೈಟಾ, ಅರ್ಧರ್ಧ ನೋಂದಣಿ ಮಾಡ್ಸೋಕೆ?

ಗುಬ್ಬಚ್ಚಿ

ಒಗೆದದ್ದು ಓದಿ ಹೊಟ್ಟೆಯೊಳಗೆ ಏನೋ ಆಯ್ತು. ನಮ್ಮಜ್ಜಿಯ ದಿಂಬಿನ ಕವರ್ ನಾನು ಮೂರು ವರ್ಷ ಒಗೆಯೋಕೆ ಬಿಟ್ಟಿರಲಿಲ್ಲ. ಈ ಚಿಕ್ಕಮ್ಮಂದಿರಿಗೆ ಇಷ್ಟೂ ಗೊತ್ತಾಗಲ್ವಾ?

ಉಣ್ಣೆಉಂಡೆ

@ಗುಬ್ಬಚ್ಚಿ ಸ್ವಲ್ಪ ತಡೀರಿ. ನಾನು ಹೆಣಿಗೆಯವಳು, ಉಣ್ಣೆ ಜೊತೆ ಏಗಿ ಏಗಿ ಕೂದಲು ಬೆಳ್ಳಗಾಗಿದೆ.

ಉಣ್ಣೆ ತಿನ್ನೋದು ಹಾರಾಡೋ ಚಿಟ್ಟೆ ಅಲ್ಲ, ಅದರ ಮರಿಹುಳ. ಅದಕ್ಕೆ ಬೇಕಾಗಿರೋದು ಕೆರಾಟಿನ್, ಅಂದ್ರೆ ಕೂದಲಲ್ಲಿ ಉಗುರಲ್ಲಿ ಇರೋ ಪ್ರೋಟೀನು. ಬೆವರು, ಎಣ್ಣೆ ಜಿಡ್ಡು ಅಂಟಿದ ಜಾಗ ಅಂದ್ರೆ ಅದಕ್ಕೆ ಇನ್ನೂ ಇಷ್ಟ. ಕತ್ತಿನ ಪಟ್ಟಿ, ಕಂಕುಳು, ಅಂದ್ರೆ ಸರಿಯಾಗಿ ನಾವು ಮೂಗಿಟ್ಟು ಹುಡುಕೋ ಜಾಗಗಳೇ. ಒಗೆಯದೆ ಮಡಚಿಟ್ಟ ಸ್ವೆಟರ್ ಕತ್ತಲೆ ಟ್ರಂಕಿನಲ್ಲಿ ನಾಲ್ಕೈದು ವರ್ಷಕ್ಕೇ ಜರಡಿ ಆಗಿಬಿಡಬಹುದು. ನಿಮ್ಮದು ಇಪ್ಪತ್ತಾರು ವರ್ಷ ಆದಮೇಲೂ ಸ್ವೆಟರ್ ಆಗೇ ಇದೆ ಅಂದ್ರೆ ಯಾರೋ ಕಾಲಕಾಲಕ್ಕೆ ತೆಗೆದು, ಒಗೆದು, ನೆರಳಲ್ಲಿ ಒಣಗಿಸಿ, ಮಡಿಕೆ ಬದಲಿಸಿ ಇಟ್ಟಿದ್ದಾರೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಎಳೆ ಅಲ್ಲೇ ಸವೆಯುತ್ತೆ. ಮಡಿಕೆ ಗೆರೆ ನೋಡಿ, ಒಂದಕ್ಕಿಂತ ಹೆಚ್ಚು ಇದ್ದರೆ ನಾನು ಹೇಳಿದ್ದು ನಿಜ.

ವಾಸನೆ ಹೇಗಿದ್ದರೂ ಉಳಿಯುತ್ತಿರಲಿಲ್ಲ. ಅದು ಆವಿಯಾಗಿ ಹೋಗೋ ವಸ್ತು. ಇದು ಸಮಾಧಾನ ಅಲ್ಲ, ಗೊತ್ತು.

ಹಳೇಟ್ರಂಕು

@ಉಣ್ಣೆಉಂಡೆ ಈಗ ತೆಗೆದು ನೋಡಿದೆ. ಮಡಿಕೆ ಗೆರೆ ಎಷ್ಟು ಅಂತ ಎಣಿಸೋಕೇ ಆಗ್ತಿಲ್ಲ. ಎಡ ಮೊಣಕೈ ಹತ್ರ ಒಂದು ತೂತು ಮುಚ್ಚಿದ್ದಾರೆ, ನೀಲಿಗೆ ಹತ್ತಿರದ ನೀಲಿ. ಅಮ್ಮನ ಹೊಲಿಗೆ ಅಲ್ಲ ಅದು. ಅಮ್ಮನ ಕೈ ನನಗೆ ಗೊತ್ತು.

ಕರಿಕೋಟು

ವಕೀಲಿ ಮಾಡ್ತೀನಿ. ದೇಶ ಯಾವುದು, ಕಾನೂನು ಯಾವುದು ಅನ್ನೋದರ ಮೇಲೆ ಇದು ಬದಲಾಗುತ್ತೆ, ಹಾಗಾಗಿ ಸಾಮಾನ್ಯವಾಗಿ ಅಷ್ಟೇ ಹೇಳ್ತೀನಿ. ಮಲಮಕ್ಕಳನ್ನು ದತ್ತು ತೆಗೆದುಕೊಂಡಿಲ್ಲ, ಉಯಿಲಲ್ಲಿ ಹೆಸರೂ ಇಲ್ಲ ಅಂದ್ರೆ ಬಹುತೇಕ ಕಡೆ ಅವರು ತಾವಾಗೇ ವಾರಸುದಾರರು ಆಗೋದಿಲ್ಲ. ಎರಡನೇ ಹೆಂಡತಿ ಮಾತ್ರ ಸಾಮಾನ್ಯವಾಗಿ ಆಗ್ತಾರೆ. ನಿಮ್ಮಮ್ಮ ತೀರಿಕೊಂಡಾಗ ಅವರ ವಸ್ತುಗಳಲ್ಲಿ ಗಂಡನಿಗೂ ಪಾಲು ಹೋಗಿರುತ್ತೆ. ಆ ಪಾಲು ಈಗ ಅವರಿಂದ ಮುಂದಕ್ಕೆ ಹೋಗುತ್ತೆ. ಅಂದ್ರೆ ಕಾಗದದ ಮೇಲೆ ನೋಡಿದರೆ ಕ್ಯಾಸೆಟ್ಟಿನಲ್ಲಿ ತಂಗಿಗಿಂತ ಚಿಕ್ಕಮ್ಮನಿಗೇ ಹಕ್ಕು ಜಾಸ್ತಿ ಇರಬಹುದು. ಅವರಾಗಲೇ "ಅದು ನಿಂದು" ಅಂದಿದ್ದಾರಲ್ಲ.

ಹೀಗೆಲ್ಲ ಬರೆದು ಒಂದು ಮಾತು ಹೇಳದೇ ಇದ್ದರೆ ನನಗೇ ಸರಿ ಅನ್ಸಲ್ಲ. ಇಂಥ ವಿಷಯಕ್ಕೆ ನೋಟಿಸ್ ಕಳಿಸಿ ಅಂತ ಬಂದ ಕಕ್ಷಿದಾರರನ್ನ ನಾನು ಮೊದಲು ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸ್ತೀನಿ. ಮನೆ ಹಂಚಿಕೆ ಮಾಡಿಕೊಂಡವರು ಮತ್ತೆ ಮಾತಾಡಿದ್ದು ನೋಡಿದ್ದೀನಿ. ಟ್ರಂಕು ಹಂಚಿಕೆಗೆ ಕೋರ್ಟಿಗೆ ಬಂದವರು ಮಾತಾಡಿದ್ದು ನೋಡಿಲ್ಲ.

ನೂರಕ್ಕೆನೂರು

ಗಣಿತ ಮೇಷ್ಟ್ರು ಇಲ್ಲಿ. ಇದಕ್ಕೆ ಒಂದು ಲೆಕ್ಕ ಇದೆ, ನಗಬೇಡಿ. ಬ್ರಾಮ್ಸ್ ಮತ್ತು ಟೇಲರ್ ಅಂತ ಇಬ್ಬರು 1990ರ ದಶಕದಲ್ಲಿ ಮಾಡಿದ್ದು. ಇಬ್ಬರಿಗೂ ತಲಾ 100 ಅಂಕ. ಒಬ್ಬರದ್ದು ಇನ್ನೊಬ್ಬರು ನೋಡದ ಹಾಗೆ ಪ್ರತಿ ವಸ್ತುವಿಗೂ ಅಂಕ ಹಂಚಬೇಕು. ಯಾರು ಹೆಚ್ಚು ಕೊಟ್ಟರೋ ವಸ್ತು ಮೊದಲು ಅವರಿಗೆ. ಆಮೇಲೆ ಇಬ್ಬರ ಮೊತ್ತ ಸಮ ಆಗೋ ತನಕ ಮುಂದಿದ್ದವರ ಕಡೆಯಿಂದ ಹಿಂದಿದ್ದವರ ಕಡೆಗೆ ವಸ್ತು ಜಾರಿಸ್ತಾ ಹೋಗೋದು. ಸೊಗಸು ಏನಂದ್ರೆ, ಹೆಚ್ಚೆಂದರೆ ಒಂದೇ ಒಂದು ವಸ್ತುವನ್ನು ಒಡೆದು ಹಂಚಬೇಕಾಗಬಹುದು, ಉಳಿದದ್ದೆಲ್ಲ ಇಡಿಯಾಗಿ ಯಾರಿಗೋ ಒಬ್ಬರಿಗೆ ಸಿಗುತ್ತೆ. ಇನ್ನೊಬ್ಬರ ಪಾಲು ನೋಡಿ ಹೊಟ್ಟೆ ಉರಿಯೋಕೆ ಯಾರಿಗೂ ಕಾರಣ ಇರಲ್ಲ.

ನಿಮ್ಮ ಮನೆಯಲ್ಲಿ ಸ್ವೆಟರ್, ವಾಚು, ಕನ್ನಡಕ, ಪುಸ್ತಕ, ಕ್ಯಾಸೆಟ್. ಕೂತು ಬರೀರಿ, ಹತ್ತು ನಿಮಿಷದ ಕೆಲಸ.

ಕಡ್ಡಿಮುರಿ

@ನೂರಕ್ಕೆನೂರು ಮೇಷ್ಟ್ರೇ, ಇಬ್ಬರೂ ಕ್ಯಾಸೆಟ್ಟಿಗೇ ನೂರಕ್ಕೆ ನೂರು ಕೊಟ್ಟರೆ?

ನೂರಕ್ಕೆನೂರು

@ಕಡ್ಡಿಮುರಿ ಆಗ ಒಡೀಬೇಕಾದ ಆ ಒಂದು ವಸ್ತು ಅದೇ ಆಗುತ್ತೆ. ಲೆಕ್ಕ ಅಲ್ಲಿಗೆ ಕೈ ಎತ್ತುತ್ತೆ, ಒಪ್ಪಿದೆ.

ಟೇಪುರೀಲು

ಅಯ್ಯೋ, ಇಷ್ಟು ಜನ ಮಾತಾಡಿದರೂ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹಳೇ ಟೇಪು ಡಿಜಿಟಲ್ ಮಾಡೋ ಕೆಲಸದವನು. ಮೊದಲು ಇದನ್ನ ಓದಿ, ಜಗಳ ಆಮೇಲೆ ಮಾಡಿ.

ಕ್ಯಾಸೆಟ್ ಈಗ ಯಾರ ಹತ್ರ ಇದ್ದರೂ ಸರಿ, ಅವರಿಗೆ ಇವತ್ತೇ ಹೇಳಿ: ಪ್ಲೇಯರಿಗೆ ಹಾಕಬೇಡಿ. ಮೇಲಂಚಿನ ಎರಡು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತೆ, ಒಂದು ಸೈಡಿಗೆ ಒಂದು. ಎರಡನ್ನೂ ಮುರಿದು ಹಾಕಿ. ಆಮೇಲೆ ಯಾರು ತಪ್ಪಿ ರೆಕಾರ್ಡ್ ಒತ್ತಿದರೂ ಗುಂಡಿ ಕೆಳಗೇ ಹೋಗಲ್ಲ. ನಿಮ್ಮಪ್ಪ ಆಗ ಆ ಹಲ್ಲು ಮುರಿದಿದ್ದರೆ ಈ ಕತೆಯೇ ಇರ್ತಿರಲಿಲ್ಲ.

ಆಮೇಲೆ ಒಳಗೆ ನೋಡಿ. ಕೆಳಗಡೆ ಟೇಪಿನ ಹಿಂದೆ ತೆಳು ತಾಮ್ರದಂಥ ಪಟ್ಟಿ ಮೇಲೆ ಒಂದು ಮೆತ್ತನೆ ಚೂರು ಅಂಟಿಸಿರ್ತಾರೆ. ಅದರ ಗೋಂದು ಒಣಗಿ ಬಿದ್ದಿರೋದು ಸಾಮಾನ್ಯ. ಅದಿಲ್ಲದೆ ಪ್ಲೇ ಮಾಡಿದರೆ ದನಿ ಮಂಕಾಗುತ್ತೆ, ಜನ ಟೇಪೇ ಹಾಳಾಗಿದೆ ಅಂದ್ಕೋತಾರೆ. ಹಾಳಾಗಿರಲ್ಲ. ಡಬ್ಬಿ ಬಿಚ್ಚಿ ಟೇಪನ್ನ ಸ್ಕ್ರೂ ಇರೋ ಬೇರೆ ಡಬ್ಬಿಗೆ ಹಾಕಬಹುದು. ತಾಳ್ಮೆ ಬೇಕು, ಕೈ ನಡುಗಬಾರದು.

ಪ್ಲೇಯರಿನ ಹೆಡ್ಡು, ಅಂದ್ರೆ ಟೇಪು ಉಜ್ಜಿಕೊಂಡು ಹೋಗೋ ಲೋಹದ ಭಾಗ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಮೊದಲು ಹೋದರೆ ಹೋಗಲಿ ಅನ್ನೋ ಬೇರೆ ಕ್ಯಾಸೆಟ್ ಹಾಕಿ ನೋಡಿ, ಅದನ್ನ ನುಂಗಲಿಲ್ಲ ಅಂದ್ರೆ ನಿಮ್ಮದು. ಮೊದಲ ಪ್ಲೇ ಆಗುವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಆಗ್ತಿರಲಿ. "ಮೊದಲು ಒಂದ್ಸಲ ಕೇಳಿ ನೋಡೋಣ" ಅನ್ನೋದು ಬೇಡವೇ ಬೇಡ, ಹಳೇ ಟೇಪು ಒಂದೇ ಸಲ ಚೆನ್ನಾಗಿ ಹಾಡಿ ಹರಿದು ಹೋದದ್ದು ಕಣ್ಣಾರೆ ಕಂಡಿದ್ದೀನಿ. ದನಿಯನ್ನ ಕುಗ್ಗಿಸದೆ ಇಡೋ ವೇವ್ ಫೈಲು, 24 ಬಿಟ್, 48 ಕಿಲೋಹರ್ಟ್ಸ್. ಎಂಪಿ3 ಆಮೇಲೆ ಬೇಕಾದರೆ ಮಾಡ್ಕೊಳ್ಳಿ.

ಸುತ್ತಿ ಬಳಸಿ ಹೇಳೋದು ಏನಂದ್ರೆ, ನಿಮ್ಮ ಜಗಳ ಇನ್ನು ಐದು ವರ್ಷ ನಡೆಯಬಹುದು. ಟೇಪು ಅಷ್ಟು ಕಾಯುತ್ತೆ ಅಂತ ನಾನು ಬರೆದುಕೊಡಲ್ಲ.

ಹಳೇಟ್ರಂಕು

@ಟೇಪುರೀಲು ಥ್ಯಾಂಕ್ಸ್. ಹಲ್ಲಿನ ವಿಷಯ ಅವಳಿಗೆ ಮೆಸೇಜ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಒಂದು ಕೇಳಲಾ? ಮೇಲೆ ರೆಕಾರ್ಡ್ ಆಗಿದ್ದನ್ನ ತೆಗೆದು ಕೆಳಗಿನದ್ದು ವಾಪಸ್ ತರೋಕೆ ಆಗುತ್ತಾ? ಎಷ್ಟೇ ಖರ್ಚಾದರೂ ಪರವಾಗಿಲ್ಲ.

ಟೇಪುರೀಲು

ಇಲ್ಲ. ಸುಳ್ಳು ಆಸೆ ಹುಟ್ಟಿಸಲ್ಲ. ಮಷೀನಿನಲ್ಲಿ ರೆಕಾರ್ಡ್ ಹೆಡ್ಡಿಗಿಂತ ಮೊದಲು ಅಳಿಸೋ ಹೆಡ್ಡು ಇರುತ್ತೆ. ಹಳೇದನ್ನ ಒರೆಸಿ ಆಮೇಲೇ ಹೊಸದು ಬರೆಯೋದು. ಗೋಡೆ ಮೇಲೆ ಬಣ್ಣದ ಮೇಲೆ ಬಣ್ಣ ಬಳಿದ ಹಾಗಲ್ಲ, ಸ್ಲೇಟು ಒರೆಸಿ ಬರೆದ ಹಾಗೆ.

ಆದರೆ ಎ ಸೈಡಿಗೆ ಏನೂ ಆಗಿರಲ್ಲ. ಟೇಪಿನ ಅಗಲ 4 ಮಿಲಿಮೀಟರೂ ಇಲ್ಲ, ಅದರಲ್ಲೇ ಮೇಲರ್ಧ ಒಂದು ಸೈಡು, ಕೆಳಗಿನರ್ಧ ಇನ್ನೊಂದು. ಒಂದರ ಮೇಲೆ ಬರೆದರೆ ಇನ್ನೊಂದನ್ನ ಮುಟ್ಟಲ್ಲ.

ಇನ್ನೊಂದು. ರೆಕಾರ್ಡಿಂಗ್ ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಆಚೆ ಹಳೇದು ಹಾಗೇ ಇರುತ್ತೆ. ಏಳು ವರ್ಷದ ಮಗು ಅರ್ಧ ಗಂಟೆ ಪೂರ್ತಿ ಪಾಠ ಓದಿತಾ? ಬಿ ಸೈಡು ಕೊನೆ ತನಕ ಕೇಳಿದ್ದೀರಾ?

ಹಳೇಟ್ರಂಕು

ಇಲ್ಲ. ಸ್ಟಾಪ್ ಒತ್ತಿದೆ ಅಂದೆನಲ್ಲ.

ಎರಡನೆಯವಳು

ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ. ನಾನೂ ಒಬ್ಬಳು ಚಿಕ್ಕಮ್ಮ. ಆ "ಮಲ" ಸೇರಿಸಿದ ಪದ ನನಗೆ ನಾನೇ ಇವತ್ತಿಗೂ ಹೇಳಿಕೊಂಡಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ಒಂದು ಕಪಾಟು ಬೀಗ ಹಾಕಿತ್ತು. ಬೀಗದ ಕೈ ಎಲ್ಲಿದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಮಳೆಗಾಲದಲ್ಲಿ ಗೋಡೆ ಒಸರಿತು. ಮನೆಯಲ್ಲಿ ನಾನೊಬ್ಬಳೇ. ಬೀಗ ಒಡೆದು ಎಲ್ಲಾ ಹೊರಗೆ ತೆಗೆದೆ. ಬೇರೆ ಹೆಂಗಸಿನ ಬಟ್ಟೆ, ಬೇರೆ ಹೆಂಗಸಿನ ಬಾಚಣಿಗೆ. ಬಾಚಣಿಗೆಯಲ್ಲಿ ಕೂದಲು ಹಾಗೇ ಇತ್ತು. ಎಲ್ಲವನ್ನೂ ಒರೆಸಿ ಒಣಗಿಸಿ ಇಟ್ಟೆ. ಬಾಚಣಿಗೆ ಮಾತ್ರ ಹೇಗಿತ್ತೋ ಹಾಗೇ ಕಾಗದದಲ್ಲಿ ಸುತ್ತಿಟ್ಟೆ. ಸಂಜೆ ಬಂದ ಮಗ, ಆಗ ಅವನಿಗೆ ಹದಿಮೂರು, ಬೀಗ ಒಡೆದದ್ದನ್ನು ನೋಡಿದ. ಒಡೆದದ್ದು ಮಾತ್ರ ನೋಡಿದ. ಅವತ್ತಿನಿಂದ ಒಂದು ವರ್ಷ ನನ್ನನ್ನು "ಅವರು" ಅಂತಲೇ ಕರೆದ.

ನಾನು ಹೇಳಿದ್ದರೆ ಆಗುತ್ತಿತ್ತು. ಏನಂತ ಹೇಳುವುದು? "ನಿಮ್ಮಮ್ಮನ ಕೂದಲು ಎತ್ತಿಟ್ಟಿದ್ದೀನಿ" ಅಂತಲೇ?

ನಿಮ್ಮ ಚಿಕ್ಕಮ್ಮ ಮೊಣಕೈ ಹೊಲಿದದ್ದನ್ನು ಹೇಳಿಕೊಂಡಿಲ್ಲ ನೋಡಿ. ಅದಕ್ಕೆ ಬರೆದೆ.

ಬಾಗಿಲುಸಂದಿ

ನನ್ನದು ಉಲ್ಟಾ ಕತೆ. ನಾನು ಗೆದ್ದೆ. ಅಪ್ಪನ ಮೊದಲನೇ ಮನೆಯ ಅಣ್ಣ ಒಂದು ಪೆಟ್ಟಿಗೆ ಕೇಳಿದ್ದ, ಅಪ್ಪನ ಪೆನ್ನು ಡೈರಿ ಇದ್ದದ್ದು. ಕೊಡಲಿಲ್ಲ. ಅವನು ಕೇಳೋದು ಬಿಟ್ಟ. ಒಂಬತ್ತು ವರ್ಷ ಆಯ್ತು. ಮೂರು ಬಾಡಿಗೆ ಮನೆ ಬದಲಿಸಿದ್ದೀನಿ, ಮೂರು ಸಲ ಆ ಪೆಟ್ಟಿಗೆ ಲಾರಿ ಹತ್ತಿಸಿದ್ದೀನಿ. ತೆಗೆದಿಲ್ಲ.

ಕಡ್ಡಿಮುರಿ

@ಬಾಗಿಲುಸಂದಿ ಕೊಡೋಕೆ ಈಗೇನು ಕಷ್ಟ?

ಬಾಗಿಲುಸಂದಿ

ಈಗ ಕೊಟ್ಟರೆ ಒಂಬತ್ತು ವರ್ಷ ಯಾಕೆ ಕೊಡಲಿಲ್ಲ ಅಂತ ಹೇಳಬೇಕಾಗುತ್ತೆ.

ಹತ್ತಿಕಟಿಗಿ

ಅಕ್ಕಾರ, ನಿಮ್ಮ ಸಿಟ್ಟು ಖರೇ ಐತಿ. ಆದ್ರ ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ನಿಮ್ಮವ್ವನ ದನಿ ಬೇಕಾಗೇತೋ, ಇಲ್ಲಾ ಆ ಹುಡುಗಿ ಕೈಯಾಗ ಅದು ಇರಬಾರ್ದು ಅಂತ ಬೇಕಾಗೇತೋ? ದನಿ ಬೇಕಂದ್ರ ನಕಲ ತಗೋರಿ, ಅರ್ಧಾ ತಾಸಿನ ಕೆಲಸ. ನಕಲ ಸಾಲಂಗಿಲ್ಲ ಅನ್ನಸ್ತಂದ್ರ ಜಗಳ ಕ್ಯಾಸೆಟ್ಟಿಂದಲ್ಲ.

ಗುಬ್ಬಚ್ಚಿ

@ಹತ್ತಿಕಟಿಗಿ ಇದು ಒಪ್ಪಲ್ಲ. ನಕಲು ನಕಲೇ. ಅಮ್ಮ ಕೈಯಲ್ಲಿ ಹಿಡಿದ ವಸ್ತು, ಅಮ್ಮ ಲೇಬಲ್ ಮೇಲೆ ಬರೆದ ಅಕ್ಷರ. ಅದು ಬೇಕು ಅನ್ನಿಸಿದರೆ ಅದರಲ್ಲಿ ಕಳ್ಳತನ ಏನಿದೆ? ಸಣ್ಣ ಮಕ್ಕಳು ಒಂದೇ ಹಳೇ ಕಂಬಳಿಗೆ ಹಟ ಹಿಡೀತಾವೆ, ಅದೇ ಥರದ ಹೊಸದು ಕೊಟ್ಟರೆ ಎಸೀತಾವೆ. ನಾವು ದೊಡ್ಡವರಾದ ಮಾತ್ರಕ್ಕೆ ಬದಲಾಗಿಬಿಟ್ವಾ?

ಸಂಜೆಪಾಳಿ

ನಾನು ದುಃಖದಲ್ಲಿರೋರ ಜೊತೆ ಮಾತಾಡೋ ಕೆಲಸ ಮಾಡ್ತೀನಿ, ಆಪ್ತ ಸಮಾಲೋಚಕಿ. ಈ ಎಳೆಯಲ್ಲಿ ಎಲ್ಲರೂ ಅಮ್ಮನ ಬಗ್ಗೆ ಬರೀತಿದ್ದೀರಿ. ಎಂಟು ತಿಂಗಳ ಹಿಂದೆ ಹೋದದ್ದು ಅಪ್ಪ.

1989ರಲ್ಲಿ ಕೆನೆತ್ ಡೋಕಾ ಅನ್ನೋ ಅಮೆರಿಕದ ವಿದ್ವಾಂಸ ಒಂದು ಬಗೆಯ ದುಃಖಕ್ಕೆ ಹೆಸರು ಕೊಟ್ಟರು. ಕನ್ನಡದಲ್ಲಿ ನಾನು ಅದನ್ನ "ಹಕ್ಕಿಲ್ಲದ ದುಃಖ" ಅಂತೀನಿ. ದುಃಖ ಇದೆ, ಆದರೆ ಅದನ್ನ ಪಡೋಕೆ ನೀನ್ಯಾರು ಅಂತ ಸುತ್ತಲಿನವರು ಕೇಳ್ತಾರೆ. ವಿಚ್ಛೇದನ ಆದ ಹೆಂಡತಿ, ಬಹಿರಂಗ ಮಾಡದ ಸಂಗಾತಿ, ಮಲಮಕ್ಕಳು, ಇವರೆಲ್ಲ ಅದರಲ್ಲಿ ಬರ್ತಾರೆ. ನಿಮ್ಮ ತಂಗಿಗೆ ಅಪ್ಪ ಅಂತ ಇದ್ದದ್ದು ಒಬ್ಬರೇ. ಸಾವಿನ ಮನೆಗೆ ಬಂದವರು ಯಾರ ಕೈ ಹಿಡಿದು ಮೊದಲು ಮಾತಾಡಿದರು, ನೆನಪಿದೆಯಾ? ನನ್ನ ಅಂದಾಜು, ನಿಮ್ಮದು. ನೀವು "ಸ್ವಂತ ಮಗಳು".

ಅವಳ ಏಳನೇ ವಯಸ್ಸಿನ ಓದನ್ನ ಪಕ್ಕದಲ್ಲಿ ಕೂತು ತಿದ್ದಿದ ಅಪ್ಪನ ದನಿ ಎಲ್ಲಿದೆ ಈಗ? ಬಿ ಸೈಡಲ್ಲಿ.

ನಿಮ್ಮದೂ ಹಕ್ಕಿಲ್ಲದ ದುಃಖವೇ ಇತ್ತು, 15ನೇ ವಯಸ್ಸಿನಲ್ಲಿ. ಯಾರಿಗೂ ಹೇಳಲಿಲ್ಲ ಅಂದಿರಲ್ಲ.

ಹಳೇಟ್ರಂಕು

@ಸಂಜೆಪಾಳಿ ನೆನಪಿದೆ. ಎಲ್ಲರೂ ನನ್ನ ಹತ್ರಾನೇ ಬಂದರು. ಅವಳು ಒಳಗೆ ಬಂದವರಿಗೆ ಕುರ್ಚಿ ಹಾಕ್ತಾ ಇದ್ದಳು. ಒಬ್ಬರು ಅವಳನ್ನ ತೋರಿಸಿ "ಈಕೆ ಯಾರು?" ಅಂತ ನನ್ನ ಕೇಳಿದರು. ನಾನು "ಚಿಕ್ಕಮ್ಮನ ಮಗಳು" ಅಂದೆ. ತಂಗಿ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಅದು.

ಇವತ್ತಿಗೆ ಸಾಕು. ಆಮೇಲೆ ಬರ್ತೀನಿ.

ನಿರ್ವಾಹಕರು

ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಎರಡನೇ ಮದುವೆ ಆದವರ ಬಗ್ಗೆ ಸಾರಾಸಗಟು ಬೈಗುಳ ಇಲ್ಲಿ ಬೇಡ.

ಮುಳ್ಳುಗಂಟೆ

ವಾಚಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಕೀ ಕೊಡೋ ವಾಚಾದರೆ ಯಾರ ಹತ್ರ ಇದ್ದರೂ ಆಗಾಗ ಕೀ ಕೊಟ್ಟು ಓಡಿಸಿ. ಸುಮ್ಮನೆ ಇಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತೆ. ಕಟ್ಟಿಕೊಂಡು ಓಡಾಡೋರ ಕೈಯಲ್ಲಿದ್ದರೇ ಒಳ್ಳೇದು. ಇಷ್ಟೇ ನನಗೆ ಗೊತ್ತಿರೋದು.

ಹಳೇಟ್ರಂಕು (ಹನ್ನೆರಡು ದಿನದ ನಂತರ)

ಏನಾಯ್ತು ಅಂತ ಕೆಲವರು ಕೇಳಿದ್ದಿರಿ.

ಮೆಸೇಜಿಗೆ ಅವಳು ನಾಲ್ಕು ದಿನ ಉತ್ತರ ಕೊಡಲಿಲ್ಲ. ಐದನೇ ದಿನ ನಾನೇ ಬರೆದೆ: "ಬಿ ಸೈಡು ನಿಂದೇ. ಒಟ್ಟಿಗೆ ಕಾಪಿ ಮಾಡೋಣ. ನಿನ್ನ ಹತ್ರ ಇರೋದನ್ನ ಕಿತ್ಕೊಳೋಕೆ ಬರ್ತಿಲ್ಲ." ಕೊನೇ ಸಾಲು ಅಳಿಸಿ ಮತ್ತೆ ಸೇರಿಸಿದೆ. "ಭಾನುವಾರ ಅಮ್ಮನ ಮನೆಗೆ ಬಾ" ಅಂತ ಬಂತು. ಅಮ್ಮ ಅಂದ್ರೆ ಅವಳ ಅಮ್ಮ. ಮೊದಲ ಸಲ ಅದು ನನಗೆ ಚುಚ್ಚಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಸ್ವಲ್ಪ ಚುಚ್ಚಿತು.

ನನ್ನ ಗಂಡನ ಸ್ನೇಹಿತರೊಬ್ಬರು ಡೆಕ್ಕು, ವೈರು ಎಲ್ಲಾ ಕೊಟ್ಟಿದ್ದರು. @ಟೇಪುರೀಲು ಹೇಳಿದ ಹಾಗೇ ಬೇರೆ ಕ್ಯಾಸೆಟ್ ಹಾಕಿ ನೋಡಿದ್ವಿ. ಆಮೇಲೆ ಎ ಸೈಡು. ಅಮ್ಮನ ದನಿ ನನ್ನ ನೆನಪಲ್ಲಿದ್ದಕ್ಕಿಂತ ತೆಳು, ಸ್ವಲ್ಪ ಅವಸರ. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು ಅವಳು. ಇದಕ್ಕೆ ನಾನು ತಯಾರಿರಲಿಲ್ಲ. ನನ್ನ ತಲೆಯಲ್ಲಿ ಅಮ್ಮ ಯಾವಾಗಲೂ ನನಗಿಂತ ದೊಡ್ಡವಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು, ಕೂರಿ ಅಂದರೂ ಕೂರಲಿಲ್ಲ.

ಬಿ ಸೈಡು. ಏಳು ವರ್ಷದ ಅವಳು ಓದ್ತಾಳೆ, ಅಪ್ಪ ತಿದ್ದುತ್ತಾರೆ. "ನಿಧಾನ ಪುಟ್ಟಿ, ರೈಲು ತಪ್ಪಿ ಹೋಗಲ್ಲ" ಅಂತಾರೆ. ನನ್ನನ್ನೂ ಪುಟ್ಟಿ ಅಂತಲೇ ಕರೀತಿದ್ದರು. ಅದೇ ಹೆಸರು ಅವಳಿಗೂ ಕೊಟ್ಟಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ನಿಮಿಷ ಆದಮೇಲೆ ಒಂದು ಟಕ್. ಅಲ್ಲಿಂದ ಅಮ್ಮ. ಮಾತಿನ ಮಧ್ಯದಿಂದ.

"ರೀ, ಆ ಕಿಟಕಿ ಹಾಕಿ, ಮಳೆ ಒಳಗೆ ಬರ್ತಿದೆ. ಹಾಂ, ಎಲ್ಲಿದ್ವಿ?"

ತಿರುಗಿ ನೋಡಿದೆ. ತಂಗಿ ಬಾಯಲ್ಲಿ ಅದೇ ಮಾತು, ದನಿ ಇಲ್ಲ, ತುಟಿ ಮಾತ್ರ ಆಡ್ತಿದೆ. "ಹಾಂ, ಎಲ್ಲಿದ್ವಿ" ಅನ್ನೋದು ಅಮ್ಮನ ಜೊತೆಗೇ ಸರಿಯಾಗಿ ಬಂತು.

ಚಿಕ್ಕವಳಿದ್ದಾಗ ತನ್ನ ಓದು ಕೇಳೋಕೆ ಅಂತ ಹಾಕ್ತಿದ್ದಳಂತೆ. ಮುಗಿದಮೇಲೆ ಯಾರೋ ಒಬ್ಬರು ಕಿಟಕಿ ಹಾಕಿ ಅಂತಾರೆ, ಕತೆ ಹೇಳ್ತಾರೆ. ಯಾರು ಅಂತ ಅಪ್ಪನ್ನ ಕೇಳಿದಾಗ "ಅಕ್ಕನ ಅಮ್ಮ" ಅಂದರಂತೆ. ಇನ್ನೊಂದು ಪಾಠ ಓದ್ತೀನಿ, ಇದರಲ್ಲೇ ರೆಕಾರ್ಡ್ ಮಾಡಿ ಅಂದಿದ್ದಕ್ಕೆ, ಇದರಲ್ಲಿ ಇನ್ನು ಬೇಡ ಅಂತ ಹೊಸ ಕ್ಯಾಸೆಟ್ ತಂದುಕೊಟ್ಟರಂತೆ. ನಾನು ಹಾಸ್ಟೆಲಲ್ಲಿ ಇದ್ದ ವರ್ಷಗಳಲ್ಲಿ ಅವಳು ಆ ಕತೆ ಕೇಳಿ ಮಲಗ್ತಿದ್ದಳು. "ನಿನಗೂ ನಮ್ಮಮ್ಮನಿಗೂ ಏನು ಸಂಬಂಧ" ಅಂತ ಇವಳನ್ನ ಕೇಳಿದ್ದೆ.

ಅಪ್ಪ ಆ ಹನ್ನೊಂದು ನಿಮಿಷ ಗೊತ್ತಿದ್ದೇ ಅಳಿಸಿದರೋ, ಖಾಲಿ ಇದೆ ಅಂದ್ಕೊಂಡು ಅಳಿಸಿದರೋ, ಕೇಳೋಕೆ ಅವರಿಲ್ಲ. ಆ ಹನ್ನೊಂದು ನಿಮಿಷದ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಹತ್ತೊಂಬತ್ತು ನಿಮಿಷ ಉಳಿದಿದೆ.

ಗುಬ್ಬಚ್ಚಿ

ಆಫೀಸಲ್ಲಿ ಕೂತು ಓದಬಾರದಿತ್ತು.

ಉಣ್ಣೆಉಂಡೆ

ಸ್ವೆಟರ್ ಬಗ್ಗೆ ಚಿಕ್ಕಮ್ಮನ ಹತ್ರ ಮಾತಾಡಿದ್ರಾ?

ಹಳೇಟ್ರಂಕು

@ಉಣ್ಣೆಉಂಡೆ ಮೊಣಕೈ ಯಾವಾಗ ಹೊಲಿದಿರಿ ಅಂತ ಕೇಳಿದೆ. "ಯಾವ ಮೊಣಕೈ?" ಅಂದರು. ತೋರಿಸಿದೆ. "ಓ ಅದಾ, ನೂಲು ಸರಿಯಾಗಿ ಹೊಂದಲಿಲ್ಲ" ಅಂತ ಹೇಳಿ ಒಳಗೆ ಹೋದರು. ಅಷ್ಟೇ. ಇನ್ನೊಂದು ದಿನ ಕೇಳ್ತೀನಿ.

ಕರಿಕೋಟು

ಕೊನೆಗೆ ಮೂಲ ಕ್ಯಾಸೆಟ್ ಯಾರ ಹತ್ರ?

ಹಳೇಟ್ರಂಕು

ತೀರ್ಮಾನ ಆಗಿಲ್ಲ. ಅವಳು ತಗೋ ಅಂದಳು. ನಾನು ತಗೊಳ್ಳಲಿಲ್ಲ, ದೊಡ್ಡತನ ತೋರಿಸೋಕೆ ಅಲ್ಲ, ಟ್ರಂಕಿಗೆ ಹಾಕಿದರೆ ನಾನು ಮತ್ತೆ ಇಪ್ಪತ್ತು ವರ್ಷ ತೆಗೆಯಲ್ಲ ಅಂತ ನನಗೇ ಗೊತ್ತು. ಸದ್ಯಕ್ಕೆ ಚಿಕ್ಕಮ್ಮನ ಮನೆಯ ಕಪಾಟಿನಲ್ಲಿದೆ. ವಾಚು ಅವಳ ಕೈಯಲ್ಲೇ ಇದೆ, ಅದರ ಬಗ್ಗೆ ಇಬ್ಬರೂ ಬಾಯಿ ಬಿಟ್ಟಿಲ್ಲ. ನಾನಾಡಿದ ಆ ಮಾತಿಗೆ ಕ್ಷಮೆ ಕೇಳೋದೂ ಬಾಕಿ ಇದೆ. ಬಾಗಿಲ ತನಕ ಬಂದಳು, ಕೇಳಬೇಕು ಅಂತ ಬಾಯಿ ತೆಗೆದೆ, "ತಲುಪಿದ ಮೇಲೆ ಮೆಸೇಜ್ ಮಾಡು" ಅಂದುಬಿಟ್ಟಳು.

ಟೇಪುರೀಲು

ಹಲ್ಲು ಮುರಿದೇ ಹಾಕಿದ್ದು ತಾನೇ?

ಹಳೇಟ್ರಂಕು

@ಟೇಪುರೀಲು ಮುರಿದ್ವಿ ಸಾರ್. ಎ ಸೈಡಿಂದು ನಾನು, ಬಿ ಸೈಡಿಂದು ಅವಳು. ಅವಳದ್ದು ಹಾರಿ ಸೋಫಾ ಕೆಳಗೆ ಹೋಯ್ತು. ಚಿಕ್ಕಮ್ಮ ಗುಡಿಸುವಾಗ ಸಿಕ್ಕಿತಂತೆ, ಎಸೆಯಬೇಕಾ ಇಡಬೇಕಾ ಅಂತ ಇವತ್ತು ಬೆಳಗ್ಗೆ ಫೋನ್ ಮಾಡಿ ಕೇಳಿದರು.